ಚಪ್ಪಾಳೆ ಗಿಟ್ಟಿಸುವ ಅಂಕಿ
ಅಂತರಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ನನಗೆ ತೀರಾ ಬೇಸರ ತರಿಸುವುದು ಆ ಕ್ಷಣಕ್ಕೆ ಹುಟ್ಟಿಸಿಕೊಂಡ ಅಂಕಿಅಂಶ. ‘ಶೇ. 73ರಷ್ಟು ಯುವಜನ...’ ಎಂದು ಕೈಯೆತ್ತಿ ಹೇಳಿದರೆ ಸಾಕು, ಸಭೆ ಚಪ್ಪಾಳೆ ತಟ್ಟುತ್ತದೆ. ಆ ಲೆಕ್ಕ ಎಲ್ಲಿಂದ ಬಂತು ಎಂದು ಕೇಳಲು ಎದುರಾಳಿಗೆ ಅವಕಾಶವೇ ಇಲ್ಲ. ವಿಶ್ವಮಟ್ಟದ ವಿಶ್ವವಿದ್ಯಾಲಯ ಚರ್ಚಾಕೂಟದಲ್ಲಿ ವಿಷಯ ತಿಳಿಯುವುದೇ 15 ನಿಮಿಷ ಮೊದಲು, ಪರ-ವಿರೋಧ ಆರಿಸಿಕೊಳ್ಳುವಂತಿಲ್ಲ. 7 ನಿಮಿಷದ ಮಾತಿನಲ್ಲಿ ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು, ನಡುವೆ ಎದುರು ಪಕ್ಷದವರು ಎದ್ದು ನಿಂತು ಪ್ರಶ್ನೆ ಹಾಕಬಹುದು. ಸುಳ್ಳು ಅಲ್ಲೂ ನುಸುಳುತ್ತದೆ, ಆದರೆ ಹಿಡಿಯುವವರಿದ್ದಾರೆ. ಬಹುಪಾಲು ಸುತ್ತುಗಳಲ್ಲಿ ತೀರ್ಪುಗಾರರು ಸೋತ ತಂಡಕ್ಕೂ ಕಾರಣ ವಿವರಿಸುತ್ತಾರೆ. ನಮ್ಮಲ್ಲೋ, ಹೆಸರು ಓದಿ ಪರ್ಯಾಯ ಪಾರಿತೋಷಕ ಕೊಟ್ಟರೆ ಮುಗಿಯಿತು. ಪ್ರತಿ ಭಾಷಣಕ್ಕೆ ಒಂದೇ ಒಂದು ಪ್ರಶ್ನೆಗಾದರೂ ಜಾಗ ಮಾಡಿಕೊಡಿ ಎಂದು ಸಂಘಟಕರಾದ ಅಧ್ಯಾಪಕರನ್ನು ಕೇಳಿಕೊಳ್ಳುತ್ತೇನೆ.