ಕಾರ್ಡಿನ ವೇಗ ಏರಿಸುವ ಮುನ್ನ ಕೋಣೆಯ ಕಾವು ನೋಡಿ

ಗ್ರಾಫಿಕ್ಸ್ ಕಾರ್ಡನ್ನು ಕಂಪನಿ ಗೊತ್ತು ಮಾಡಿದ ವೇಗಕ್ಕಿಂತ ಜೋರಾಗಿ ಓಡಿಸುವ ‘ಓವರ್‌ಕ್ಲಾಕಿಂಗ್’ ಈಗ ಪರಿಣತರ ಸೊತ್ತಾಗಿ ಉಳಿದಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್‌ನಂತಹ ಉಚಿತ ತಂತ್ರಾಂಶ ಹಾಕಿಕೊಂಡು, ಯೂಟ್ಯೂಬ್‌ನಲ್ಲಿ ತೋರಿಸಿದಂತೆ ಪರದೆ ಮೇಲಿನ ಎರಡು ಪಟ್ಟಿಗಳನ್ನು ಬಲಕ್ಕೆ ಎಳೆದರೆ ಕೆಲಸ ಮುಗಿಯಿತು. ಕೊಪ್ಪಳ, ಗಂಗಾವತಿಯಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೂ, ಕುಷ್ಟಗಿ, ಯಲಬುರ್ಗಾದ ಮನೆಗಳಲ್ಲಿ ಗೇಮ್ ಆಡುವ ಹುಡುಗರಿಗೂ ಆಸೆ ಒಂದೇ: ಹೊಸ ಕಾರ್ಡಿಗೆ ದುಡ್ಡು ಸುರಿಯದೆ ಇದ್ದುದರಲ್ಲೇ ಇನ್ನಷ್ಟು ಕೆಲಸ ತೆಗೆಯಬೇಕು. ಆಸೆಯಲ್ಲಿ ತಪ್ಪಿಲ್ಲ. ಆದರೆ ಕಾರ್ಡಿನ ವೇಗ ಏರಿಸಿ ನೋಡುವ ಪರೀಕ್ಷೆಗಳು ಸಾಮಾನ್ಯವಾಗಿ ನಡೆಯುವುದು 20ರಿಂದ 25 ಡಿಗ್ರಿಯ ತಂಪು ಕೋಣೆಯಲ್ಲಿ, ಏರುಪೇರಿಲ್ಲದ ಕರೆಂಟಿನಲ್ಲಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಕೊಪ್ಪಳ ಜಿಲ್ಲೆಗೆ ಆ ಲೆಕ್ಕ ಹೊಂದುವುದಿಲ್ಲ. ಇಲ್ಲಿ ಕಾರ್ಡಿನಿಂದ ಹೆಚ್ಚು ಕೆಲಸ ತೆಗೆಯಬೇಕೆಂದರೆ ಮಾಡಬೇಕಾದದ್ದು ಅದಕ್ಕೆ ಹೋಗುವ ವೋಲ್ಟೇಜ್ ಇಳಿಸುವುದು. ವೇಗ ಏರಿಸುವ ಮಾತು ಆಮೇಲಿನದು.

ಮೊದಲು ಲಾಭ ಎಷ್ಟೆಂದು ನೋಡೋಣ. ಹಿಂದೆ ಕಂಪನಿಗಳು ಚಿಪ್‌ನ ಸಾಮರ್ಥ್ಯದಲ್ಲಿ ಒಂದಿಷ್ಟನ್ನು ಕೈಯಲ್ಲಿಟ್ಟುಕೊಂಡೇ ಕಾರ್ಡ್ ಮಾರುತ್ತಿದ್ದವು. ಹಾಗಾಗಿ ಓವರ್‌ಕ್ಲಾಕ್ ಮಾಡಿದವರಿಗೆ ಕಣ್ಣಿಗೆ ಕಾಣುವಷ್ಟು ಲಾಭ ಸಿಗುತ್ತಿತ್ತು. 2012ರಲ್ಲಿ ಎನ್‌ವಿಡಿಯಾ ತನ್ನ ಜಿಟಿಎಕ್ಸ್ 680 ಕಾರ್ಡಿನ ಜೊತೆ ‘ಜಿಪಿಯು ಬೂಸ್ಟ್’ ತಂದ ಮೇಲೆ ಪರಿಸ್ಥಿತಿ ಬದಲಾಯಿತು. ಬಿಸಿ, ವಿದ್ಯುತ್, ವೋಲ್ಟೇಜ್ ಈ ಮೂರರ ಮಿತಿಯೊಳಗೆ ಎಷ್ಟು ಸಾಧ್ಯವೋ ಅಷ್ಟು ವೇಗಕ್ಕೆ ಕಾರ್ಡ್ ತಾನೇ ಏರುತ್ತದೆ. ಎಎಂಡಿ ಕಾರ್ಡುಗಳ ರೀತಿಯೂ ಇದೇ. ಹೀಗಾಗಿ ನಮ್ಮ ಕೈಗೆ ಉಳಿಯುವುದು ಸಾಮಾನ್ಯವಾಗಿ ಶೇ 5ರ ಆಸುಪಾಸು, ಅದೃಷ್ಟವಿದ್ದರೆ ಶೇ 10. ಸೆಕೆಂಡಿಗೆ 60 ಫ್ರೇಮ್ ಬರುತ್ತಿದ್ದ ಗೇಮ್ 63 ಫ್ರೇಮ್ ಕೊಡಬಹುದು. ಸ್ಟುಡಿಯೊದವರಿಗೆ ಇದಕ್ಕಿಂತಲೂ ಕಡಿಮೆ. ಎಡಿಟ್ ಮುಗಿದ ವಿಡಿಯೊವನ್ನು ಫೈಲ್ ಮಾಡುವ ಎನ್ಕೋಡರ್, ಕಾರ್ಡಿನೊಳಗೆ ಅದಕ್ಕೆಂದೇ ಇರುವ ಬೇರೆ ಭಾಗ. ಮುಖ್ಯ ಚಿಪ್‌ನ ವೇಗ ಏರಿಸಿದರೆ ಅದಕ್ಕೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಫ್ಲೆಕ್ಸ್ ಬೋರ್ಡ್ ವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾ, ಫೋಟೊಶಾಪ್‌ಗಳಿಗೆ ಪ್ರೊಸೆಸರ್, ರ‍್ಯಾಮ್ ಮುಖ್ಯ. ರ‍್ಯಾಮ್ ಸಾಲದೆ ತೆವಳುವ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಓವರ್‌ಕ್ಲಾಕ್ ಮಾಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ.

ಇನ್ನು ಈ ಶೇ 5ಕ್ಕೆ ತೆರುವ ಬೆಲೆ. ಚಿಪ್ ಕೆಲಸ ಮಾಡುವಾಗ ಉಣ್ಣುವ ವಿದ್ಯುತ್ತು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟೇಜಿನ ವರ್ಗಕ್ಕೆ ತಕ್ಕಂತೆಯೂ ಏರುತ್ತದೆ. ವೇಗ ಶೇ 5 ಏರಿಸಿ, ಅದನ್ನು ತಾಳಿಕೊಳ್ಳಲು ವೋಲ್ಟೇಜನ್ನೂ ಶೇ 5 ಏರಿಸಿದರೆ ವಿದ್ಯುತ್ತಿನ ಬಳಕೆ ಸುಮಾರು ಶೇ 16 ಹೆಚ್ಚುತ್ತದೆ. ಆ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿ ಕೋಣೆಗೇ ಬೀಳುತ್ತದೆ. ಫ್ಯಾನು, ಹೀಟ್‌ಸಿಂಕ್ ಎಷ್ಟೇ ಚೆನ್ನಾಗಿರಲಿ, ಕೋಣೆಯ ಗಾಳಿಗಿಂತ ಕಾರ್ಡನ್ನು ತಂಪಾಗಿಸಲು ಅವುಗಳಿಂದ ಆಗದು. 25 ಡಿಗ್ರಿಯ ಕೋಣೆಯಲ್ಲಿ 70 ಡಿಗ್ರಿ ಮುಟ್ಟುವ ಕಾರ್ಡ್, ಅದೇ ಕೆಲಸವನ್ನು ತಗಡಿನ ಚಾವಣಿಯಡಿಯ 38 ಡಿಗ್ರಿಯ ಅಂಗಡಿಯಲ್ಲಿ ಮಾಡಿದರೆ 83ರ ಹತ್ತಿರ ಬಂದು ನಿಲ್ಲುತ್ತದೆ. ಎನ್‌ವಿಡಿಯಾದ ಅನೇಕ ಕಾರ್ಡುಗಳು ತಾವಾಗಿ ವೇಗ ತಗ್ಗಿಸಿಕೊಳ್ಳಲು ಶುರು ಮಾಡುವುದು ಹೆಚ್ಚುಕಡಿಮೆ ಅಲ್ಲಿಯೇ. ಪಟ್ಟಿಯನ್ನು ಬಲಕ್ಕೆ ಎಳೆದವನು ವೇಗ ಹೆಚ್ಚಿತೆಂದುಕೊಂಡಿರುತ್ತಾನೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಕಾರ್ಡ್ ಕಾವು ತಾಳದೆ ಹಿಂದಿನ ವೇಗಕ್ಕೆ ಇಳಿದಿರುತ್ತದೆ. ಮದುವೆಯ ಮುಹೂರ್ತಗಳೂ ರಣಬಿಸಿಲೂ ಒಟ್ಟಿಗೆ ಬರುವ ಊರುಗಳಿವು. ಸ್ಟುಡಿಯೊದ ಕಾರ್ಡಿಗೆ ವರ್ಷದ ಹೆಚ್ಚಿನ ಕೆಲಸ ಬೀಳುವುದು ಕಾವು ತುತ್ತತುದಿಯಲ್ಲಿರುವ ತಿಂಗಳುಗಳಲ್ಲೇ.

ವೋಲ್ಟೇಜಿನ ಇದೇ ಸೂತ್ರವನ್ನು ತಿರುಗಿಸಿ ಹಿಡಿದರೆ ದಾರಿ ಕಾಣುತ್ತದೆ. ಬಿಡಿ ಚಿಪ್‌ಗಳ ಗುಣ ಒಂದೊಂದು ರೀತಿ ಇರುವುದರಿಂದ ಎಲ್ಲವೂ ಸಲೀಸಾಗಿ ಓಡಲೆಂದು ಕಂಪನಿಗಳು ವೋಲ್ಟೇಜನ್ನು ತುಸು ಹೆಚ್ಚೇ ಇಟ್ಟಿರುತ್ತವೆ. ಅದನ್ನು 1.05ರಿಂದ 0.90 ವೋಲ್ಟ್‌ಗೆ ಇಳಿಸಿದರೆ ಅದೇ ವೇಗಕ್ಕೆ ಚಿಪ್ ಬಳಸುವ ವಿದ್ಯುತ್ತು ಲೆಕ್ಕದ ಪ್ರಕಾರ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆ. ಇದಕ್ಕೆ ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ಆಫ್ಟರ್‌ಬರ್ನರ್‌ನಲ್ಲಿ ಕಂಟ್ರೋಲ್ ಜೊತೆ ಎಫ್ ಕೀಲಿ ಒತ್ತಿದರೆ ವೋಲ್ಟೇಜ್ ಮತ್ತು ವೇಗದ ರೇಖೆ ತೆರೆದುಕೊಳ್ಳುತ್ತದೆ. ಆರ್‌ಟಿಎಕ್ಸ್ 3060 ಕಾರ್ಡನ್ನೇ ತೆಗೆದುಕೊಂಡರೆ, 900 ಮಿಲಿವೋಲ್ಟ್‌ನ ಚುಕ್ಕೆಯನ್ನು ಅದರ ನಿಗದಿತ ಬೂಸ್ಟ್ ವೇಗವಾದ 1777 ಮೆಗಾಹರ್ಟ್ಸ್‌ನ ಹತ್ತಿರ ತಂದು, ಅಲ್ಲಿಂದ ಮುಂದಿನ ರೇಖೆಯನ್ನು ಮಟ್ಟಸ ಮಾಡಿ ಪರೀಕ್ಷೆ ಶುರು ಮಾಡಬಹುದು. ಇಷ್ಟು ಬೇಡವೆನ್ನುವವರು ವಿದ್ಯುತ್ ಮಿತಿಯ ಪಟ್ಟಿಯನ್ನು 100ರಿಂದ 85ಕ್ಕೆ ಇಳಿಸಿದರೂ ಆದೀತು. ಕಾರ್ಡ್ ತಣ್ಣಗಿದ್ದಷ್ಟೂ ವೇಗ ಕುಸಿಯದೆ ನಿಲ್ಲುತ್ತದೆ, ಫ್ಯಾನಿನ ಸದ್ದೂ ಅಡಗುತ್ತದೆ. ಈ ಮಾತಿಗೆ ದೊಡ್ಡ ಸಾಕ್ಷಿ ಕ್ರಿಪ್ಟೊ ಗಣಿಗಾರಿಕೆಯವರು. ಈಥೀರಿಯಂ ಎಂಬ ಕ್ರಿಪ್ಟೊ ಜಾಲ 2022ರ ಸೆಪ್ಟೆಂಬರಿನಲ್ಲಿ ಗಣಿಗಾರಿಕೆ ಕೈಬಿಡುವವರೆಗೂ ಅದಕ್ಕಾಗಿ ಜಗತ್ತಿನಾದ್ಯಂತ ಲಕ್ಷಾಂತರ ಕಾರ್ಡುಗಳು ಹಗಲಿರುಳು ದುಡಿದವು. ಲಾಭವೊಂದನ್ನೇ ನೋಡುತ್ತಿದ್ದ ಆ ಜನ ಚಿಪ್‌ನ ವೋಲ್ಟೇಜ್, ವಿದ್ಯುತ್ ಮಿತಿ ಎರಡನ್ನೂ ಇಳಿಸಿ, ತಮ್ಮ ಕೆಲಸಕ್ಕೆ ಬೇಕಾದ ಮೆಮೊರಿಯ ವೇಗವನ್ನಷ್ಟೇ ಏರಿಸುತ್ತಿದ್ದರು.

ಕರೆಂಟಿನ ವಿಚಾರ ಬೇರೆಯೇ ಇದೆ. ಜೆಸ್ಕಾಂ ಮಾರ್ಗದ ಕೊನೆಯ ಕಂಬದ ಮನೆಗೆ ಬರುವ ವೋಲ್ಟೇಜ್, ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೂ ನಿಂತ ಹೊತ್ತಿಗೂ ಒಂದೇ ಇರುವುದಿಲ್ಲ. ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು ಸುಮಾರು 360 ವಾಟ್. 170 ವಾಟ್‌ನ ಕಾರ್ಡು, ಪ್ರೊಸೆಸರ್, ಮಾನಿಟರ್ ಸೇರಿದರೆ ಆಗಲೇ ಅಂಚಿಗೆ ಬಂದಿರುತ್ತೇವೆ. ಗ್ರಾಫಿಕ್ಸ್ ಕಾರ್ಡ್ ಕ್ಷಣಮಾತ್ರಕ್ಕೆ ನಿಗದಿತಕ್ಕಿಂತ ಬಹಳ ಹೆಚ್ಚು ವಿದ್ಯುತ್ ಎಳೆಯುವುದೂ ಉಂಟು. ಓವರ್‌ಕ್ಲಾಕ್ ಮಾಡಿದಾಗ ಆ ಎಳೆತ ಇನ್ನೂ ಜೋರು. ಕರೆಂಟ್ ಹೋದಾಗ ಯುಪಿಎಸ್ ಕೈಕೊಟ್ಟರೆ ಇಡೀ ರಾತ್ರಿಯ ರೆಂಡರ್ ನೀರುಪಾಲು. ಕ್ಯಾಬಿನೆಟ್ ಜೊತೆ ಬರುವ, ಕಂಪ್ಯೂಟರಿಗೆ ವಿದ್ಯುತ್ ಹಂಚುವ ಅಗ್ಗದ ಎಸ್‌ಎಂಪಿಎಸ್ ಮೇಲೆ ಬರೆದ ವಾಟ್‌ಗಳನ್ನು ನಂಬಿ ವೇಗ ಏರಿಸಬಾರದು. ಅರ್ಥಿಂಗ್ ಗುಂಡಿಯೂ ಗಮನದಲ್ಲಿರಲಿ. ಮಣ್ಣು ಒಣಗಿದಂತೆ ಅದರ ವಿದ್ಯುತ್ ರೋಧ ಏರುತ್ತದೆ. ಯಲಬುರ್ಗಾ, ಕುಷ್ಟಗಿಯ ಒಣನೆಲದಲ್ಲಿ ಬೇಸಿಗೆಯಲ್ಲಿ ಆ ಗುಂಡಿಗೆ ಆಗಾಗ ನೀರು ಹಾಕುವುದೂ ಕಂಪ್ಯೂಟರಿನ ಆರೈಕೆಯೇ.

ದೂಳಿನದೂ ಇದೇ ಕತೆ. ಗಿಣಿಗೇರಾ ಸುತ್ತಿನ ಕಾರ್ಖಾನೆಗಳ ಕಪ್ಪು ದೂಳು, ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ತೌಡಿನ ದೂಳು, ಎರೆಹೊಲಗಳ ಮೇಲಿಂದ ಬೀಸುವ ಗಾಳಿ, ಎಲ್ಲವೂ ಹೀಟ್‌ಸಿಂಕ್‌ನ ತೆಳು ರೆಕ್ಕೆಗಳ ನಡುವೆ ಹೊಕ್ಕು ಹತ್ತಿಯಂತೆ ಕೂರುತ್ತವೆ. ಕಂಪ್ಯೂಟರ್ ಬಂದ್ ಮಾಡಿ, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು ಬ್ಲೋವರ್‌ನಿಂದ ಊದಿಸಿದರೆ, ಹಳೆಯ ಕಾರ್ಡಾದರೆ ಥರ್ಮಲ್ ಪೇಸ್ಟ್ ಬದಲಿಸಿದರೆ, ಕಾವಿಗೆ ಕಳೆದುಕೊಂಡಿದ್ದ ವೇಗದಲ್ಲಿ ಒಂದು ಪಾಲು ಹಾಗೆಯೇ ಮರಳುತ್ತದೆ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ಈಗಿನ ಕಾರ್ಡುಗಳಿಗೆ ತಮ್ಮನ್ನು ಕಾಪಾಡಿಕೊಳ್ಳುವ ವ್ಯವಸ್ಥೆ ಇದೆ, ತಂತ್ರಾಂಶದಿಂದ ಸುಡುವುದು ಸುಲಭವಲ್ಲ, ಮತ್ತೆ ಭಯವೇಕೆ ಎನ್ನುವವರಿದ್ದಾರೆ. ಮಾತು ನಿಜ. ಆದರೆ ಆ ವ್ಯವಸ್ಥೆ ಕಾಯುವುದು ಕಾರ್ಡಿನ ಚಿಪ್ಪನ್ನು. ಕಳಪೆ ಎಸ್‌ಎಂಪಿಎಸ್, ಕಾವಿಗೆ ಬೇಗ ಮುಪ್ಪಾಗುವ ಕೆಪಾಸಿಟರ್, ನಡುವೆ ನಿಂತ ರೆಂಡರ್ ಇವಕ್ಕೆ ಅದರ ಕಾವಲಿಲ್ಲ. ಕಾರ್ಡ್ ಎರಡು ಸೆಕೆಂಡ್ ಓಗೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನೇ ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಗೇಮ್ ಆಡುವವನಿಗೆ ಅದು ಕಿರಿಕಿರಿ, ನಾಳೆ ಬೆಳಿಗ್ಗೆ ಪೆನ್‌ಡ್ರೈವ್ ಕೊಡಬೇಕಾದ ಸ್ಟುಡಿಯೊದವನಿಗೆ ನಷ್ಟ. ದುಡ್ಡಿಲ್ಲದವನಿಗೆ ಓವರ್‌ಕ್ಲಾಕ್ ಬಿಟ್ಟರೆ ಬೇರೆ ಗತಿಯಿಲ್ಲ ಎಂಬುದು ಎರಡನೆಯ ಮಾತು, ಇದಕ್ಕೆ ಹೆಚ್ಚು ತೂಕವಿದೆ. ಆದರೆ ಕೆಟ್ಟರೆ ಇನ್ನೊಂದು ಕೊಳ್ಳಲಾಗದವನೇ ಹೆಚ್ಚು ಜೋಪಾನವಾಗಿರಬೇಕಾದವನು. ಓವರ್‌ಕ್ಲಾಕ್‌ನಿಂದಾದ ಹಾನಿಗೆ ವಾರಂಟಿ ಸಿಗುತ್ತದೆಂದು ನಂಬಿ ಕೂರುವಂತಿಲ್ಲ. ವೋಲ್ಟೇಜ್ ಇಳಿಸುವುದಕ್ಕೂ ದುಡ್ಡು ಬೇಕಿಲ್ಲ. ಲೆಕ್ಕ ತಪ್ಪಿದರೆ ಕಂಪ್ಯೂಟರ್ ನಿಂತೀತು, ಕಾರ್ಡಿಗೆ ಪೆಟ್ಟು ಬೀಳದು. ನಮ್ಮ ಕೋಣೆಗೆ ಎಸಿ ಇದೆ, ಎಸ್‌ಎಂಪಿಎಸ್ ಗಟ್ಟಿಯಿದೆ ಎನ್ನುವವರಿಗೆ ನನ್ನ ತಕರಾರಿಲ್ಲ. ಅಂಥವರು ಜಿಲ್ಲೆಯಲ್ಲಿ ಎಷ್ಟು ಮಂದಿ ಎಂಬುದಷ್ಟೇ ಪ್ರಶ್ನೆ.

ಇಷ್ಟಾದ ಮೇಲೂ ವೇಗ ಏರಿಸಬೇಕೆನ್ನುವವರು ಕ್ರಮ ತಪ್ಪಬಾರದು. ಮೊದಲು ಏನನ್ನೂ ಮುಟ್ಟದೆ ಕಾರ್ಡಿನ ಉಷ್ಣತೆ, ವೇಗ, ಫ್ರೇಮ್‌ಗಳನ್ನು ಬರೆದಿಟ್ಟುಕೊಳ್ಳಿ. ವೋಲ್ಟೇಜಿನ ಗೊಡವೆಗೆ ಹೋಗದೆ ಚಿಪ್‌ನ ವೇಗವನ್ನು ಒಂದು ಸಲಕ್ಕೆ 15ರಿಂದ 25 ಮೆಗಾಹರ್ಟ್ಸ್‌ನಂತೆ, ಮೆಮೊರಿಯ ವೇಗವನ್ನು ಬೇರೆಯಾಗಿ 50ರಂತೆ ಏರಿಸಿ, ಪ್ರತಿ ಸಲವೂ ನೀವು ನಿಜವಾಗಿ ಮಾಡುವ ಕೆಲಸದಲ್ಲೇ ಪರೀಕ್ಷಿಸಿ. ಪರದೆಯಲ್ಲಿ ಬಣ್ಣದ ಚುಕ್ಕೆ, ಗೆರೆ ಮೂಡಿದರೆ ಎರಡು ಹೆಜ್ಜೆ ಹಿಂದೆ ಬನ್ನಿ. ಕೆಲವು ಹೊಸ ಕಾರ್ಡುಗಳ ಮೆಮೊರಿ, ತಪ್ಪಾದ ದತ್ತಾಂಶವನ್ನು ಸದ್ದಿಲ್ಲದೆ ಮತ್ತೆ ಕಳಿಸುತ್ತದೆ. ಅಂಕಿ ಏರಿದ್ದರೂ ಕೆಲಸ ನಿಧಾನವಾಗಿರುತ್ತದೆ. ಹಾಗಾಗಿ ನಂಬಬೇಕಾದದ್ದು ಫ್ರೇಮಿನ ಎಣಿಕೆಯನ್ನು. ಬೇರೆಯವರ ಅಂಕಿಗಳನ್ನು ನಕಲು ಮಾಡಿದರೆ ಫಲವಿಲ್ಲ. ಡಿಸೆಂಬರಿನ ರಾತ್ರಿ ಸಲೀಸಾಗಿ ಓಡಿದ ವೇಗ ಏಪ್ರಿಲ್‌ನ ಮಧ್ಯಾಹ್ನ ಓಡದೇ ಇರಬಹುದು. ಆದ್ದರಿಂದ ಕೊನೆಯ ಪರೀಕ್ಷೆ ಬೇಸಿಗೆಯಲ್ಲೇ ಆಗಬೇಕು.

ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಯವರು ಇದರಲ್ಲಿ ದೊಡ್ಡ ಉಪಕಾರ ಮಾಡಬಹುದು. ಗಿರಾಕಿಗೆ ಕಂಪ್ಯೂಟರ್ ಕೊಡುವ ಮುನ್ನ ವಿದ್ಯುತ್ ಮಿತಿಯನ್ನು ಊರಿನ ಕಾವಿಗೆ ತಕ್ಕಂತೆ ಹೊಂದಿಸಿ, ಎಸ್‌ಎಂಪಿಎಸ್, ಯುಪಿಎಸ್ ಎಷ್ಟು ಹೊರುತ್ತವೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಓದುಗರು ನೆನಪಿಡಬೇಕಾದ ಕ್ರಮ ಇಷ್ಟೆ: ಮೊದಲು ದೂಳು, ಆಮೇಲೆ ಕರೆಂಟು, ಆಮೇಲೆ ವೋಲ್ಟೇಜ್ ಇಳಿಕೆ. ಈ ಮೂರೂ ಆದ ಮೇಲೆ ಓವರ್‌ಕ್ಲಾಕ್ ಬೇಕೇ ಬೇಕೆನಿಸುವುದು ಕೆಲವರಿಗೆ ಮಾತ್ರ.