ಗಣನಾತ್ಮಕ ಚಿಂತನೆಗೆ ಸಂವಾದಿ ಅನಿಮೇಷನ್: ಪರ – ವಿರೋಧ

ದೊಡ್ಡ ಸಮಸ್ಯೆಯನ್ನು ಚಿಕ್ಕ ಭಾಗಗಳಾಗಿ ಬಿಡಿಸುವುದು, ಅವುಗಳಲ್ಲಿ ಮರುಕಳಿಸುವುದನ್ನು ಗುರುತಿಸುವುದು, ಯಾರು ಬೇಕಾದರೂ ಅನುಸರಿಸುವಂತೆ ಹಂತಗಳನ್ನು ಹೇಳುವುದು ಗಣನಾತ್ಮಕ ಚಿಂತನೆ. 2006ರಲ್ಲಿ ಜೀನೆಟ್ ವಿಂಗ್ ಬರೆದ ಲೇಖನದಿಂದ ಈ ಹೆಸರು ವ್ಯಾಪಕ ಬಳಕೆಗೆ ಬಂತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲಾ ಕಲಿಕೆಯಲ್ಲಿ ಇದಕ್ಕೆ ಒತ್ತು ಕೊಟ್ಟಿತು. ಹದಿಹರೆಯದವರಿಗೆ ಇದನ್ನು ಸಂವಾದಿ ಅನಿಮೇಷನ್ ವಿಡಿಯೊಗಳಿಂದ ಕಲಿಸಬೇಕೇ? ತೆಲಂಗಾಣದ ಜಹೀರಾಬಾದ್ ಬಳಿಯ, ಕರ್ನಾಟಕಕ್ಕೆ ಹತ್ತಿರದ ಪಸ್ತಾಪುರದಂಥ ಗಡಿಯೂರಿನಲ್ಲಿ ನಿಂತು ನೋಡಿದರೆ ಎರಡೂ ಕಡೆ ತೂಕವಿದೆ.

ಪರ

1975–76ರಲ್ಲಿ ‘ಸೈಟ್’ ಉಪಗ್ರಹ ಪ್ರಯೋಗದ ಟಿ.ವಿ. ಪಾಠಗಳು ಕಲಬುರಗಿ, ರಾಯಚೂರು, ವಿಜಯಪುರದ ಹಳ್ಳಿಗಳನ್ನು ತಲುಪಿದವು. ಆದರೆ ಟಿ.ವಿ. ಮಗುವಿನ ಉತ್ತರಕ್ಕೆ ಕಾಯುತ್ತಿರಲಿಲ್ಲ. ಸಂವಾದಿ ವಿಡಿಯೊ ಕಾಯುತ್ತದೆ. ಏರಿಕೆಯ ಕ್ರಮದಲ್ಲಿ ಬೋರಲಾಗಿಟ್ಟ 16 ಚೀಟಿಗಳಲ್ಲಿ ಒಂದು ಸಂಖ್ಯೆ ಹುಡುಕಬೇಕು ಎನ್ನೋಣ. ನಡುವಿನ ಚೀಟಿ ತೆರೆದು, ಬೇಡದ ಅರ್ಧವನ್ನು ಬಿಡುತ್ತ ಹೋದರೆ 8, 4, 2, 1 ಎಂದು ನಾಲ್ಕೇ ಹೆಜ್ಜೆಗೆ ಸಿಗುತ್ತದೆ. 1,024 ಚೀಟಿಗಳಿದ್ದರೂ ಹತ್ತು ಹೆಜ್ಜೆ ಸಾಕು. ತಪ್ಪು ಅರ್ಧ ಬಿಟ್ಟರೆ ಬೇಕಾದ ಚೀಟಿಯೇ ಪರದೆಯಿಂದ ಜಾರುತ್ತದೆ. ಎಡವಿದ ಹೆಜ್ಜೆಗೆ ಮರಳಿ ನೋಡಬಹುದು. ಸಹಪಾಠಿಗಳೆದುರು ತಪ್ಪು ಮಾಡಲು ನಾಚುವ ವಯಸ್ಸಿಗೆ ಇದು ದೊಡ್ಡ ಆಸರೆ. ಒಂದೇ ಚಿತ್ರಕ್ಕೆ ಕನ್ನಡ, ತೆಲುಗು, ಉರ್ದು ಧ್ವನಿ ಕೂಡಿಸಲೂ ಬರುತ್ತದೆ.

ವಿರೋಧ

ಅರ್ಧ ಮಾಡಬೇಕು ಎಂದು ಹೊಳೆಯುವುದೇ ಇಲ್ಲಿನ ಚಿಂತನೆ. ವಿಡಿಯೊದಲ್ಲಿ ಅದು ಮೊದಲೇ ಹೊಳೆದುಬಿಟ್ಟಿರುತ್ತದೆ. ವಿದ್ಯಾರ್ಥಿಗೆ ಉಳಿಯುವುದು ಎಡವೋ ಬಲವೋ ಎಂದು ಒತ್ತುವುದಷ್ಟೇ. ನೆಲದ ಮೇಲೆ ಹರಡಿದ ಕಾಗದದ ಚೀಟಿಗಳು ಎಂಥ ದಾರಿಗೂ ಅಡ್ಡ ಬರುವುದಿಲ್ಲ, ಕರೆಂಟೂ ಬೇಡ. ಆರು ಸಾಲು ಜೋಳ, ಒಂದು ಸಾಲು ತೊಗರಿ, ಹೊಲದ ಬದು ಬರುವ ತನಕ ಮತ್ತೆ ಹಾಗೆಯೇ ಎಂದು ಬಿತ್ತನೆಯನ್ನು ಹಂತಹಂತವಾಗಿ ಬರೆಸಿದರೆ, ಪುನರಾವರ್ತನೆಯೂ ನಿಲುಗಡೆಯ ಷರತ್ತೂ ಅದರಲ್ಲೇ ಬಂದವು.

ಪಸ್ತಾಪುರದ ಅನುಭವವೂ ಇದನ್ನೇ ಹೇಳುತ್ತದೆ. ಮೈಸೂರು ಮೂಲದ ಪಿ.ವಿ. ಸತೀಶ್ ಇಲ್ಲಿ ಕಟ್ಟಿ ಬೆಳೆಸಿದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಲ್ಲಿ ಓದುಬರಹ ಕಲಿಯದ ದಲಿತ ರೈತ ಮಹಿಳೆಯರು ಕ್ಯಾಮೆರಾ ಹಿಡಿದರು. 2008ರಲ್ಲಿ ಹತ್ತಿರದ ಮಾಚನೂರಿನಿಂದ ಅವರದೇ ಸಂಘಂ ರೇಡಿಯೊ ಪ್ರಸಾರ ಶುರುವಾಯಿತು. ಅವರು ಮಾಧ್ಯಮವನ್ನು ಕಲಿತದ್ದು ಮಾಡುತ್ತಲೇ, ನೋಡುತ್ತ ಅಲ್ಲ.

ಒಟ್ಟಿನಲ್ಲಿ, ತಪ್ಪನ್ನು ಕಣ್ಣಿಗೆ ಕಾಣಿಸುವುದರಲ್ಲಿ ವಿಡಿಯೊ ಮುಂದು. ದಾರಿಯನ್ನು ವಿದ್ಯಾರ್ಥಿಯಿಂದಲೇ ಹುಡುಕಿಸುವುದರಲ್ಲಿ ಚೀಟಿ ಮುಂದು. ಮೊದಲು ಚೀಟಿ ಹಿಡಿದು ತಿಣುಕಾಡಿದ ವಿದ್ಯಾರ್ಥಿಗೆ ಆಮೇಲೆ ಬರುವ ವಿಡಿಯೊ ನಿಜವಾಗಿ ನೆರವಾಗುತ್ತದೆ. ಸ್ಕ್ರ್ಯಾಚ್‌ನಂಥ ಉಚಿತ ತಂತ್ರಾಂಶದಲ್ಲಿ ಅಂಥ ಅನಿಮೇಷನನ್ನು ವಿದ್ಯಾರ್ಥಿಯೇ ಕಟ್ಟಿದರೆ ಎರಡೂ ಕಡೆಯ ಬೇಡಿಕೆ ಈಡೇರುತ್ತದೆ.