ಸೈರಣೆಯ ಭಾರ ಹೊತ್ತವರಾರು?



ಸೈರಣೆ ಎಂಬುದು ನಮ್ಮ ನುಡಿಯ ಹಿರಿಯ ಪದಗಳಲ್ಲಿ ಒಂದು. ಬೈದವರನ್ನು ಮರಳಿ ಬೈಯದಿರುವುದು, ಹೊಡೆದವರನ್ನು ಮರಳಿ ಹೊಡೆಯದಿರುವುದು ದೊಡ್ಡ ಗುಣವೆಂದು ನಾವೆಲ್ಲರೂ ಬಾಲ್ಯದಿಂದಲೇ ಕೇಳುತ್ತ ಬಂದಿದ್ದೇವೆ. ಆದರೆ ಈ ಗುಣವನ್ನು ಯಾರು ಯಾರಿಂದ ಬಯಸುತ್ತಾರೆ ಎಂದು ಕೇಳಿಕೊಳ್ಳುವುದು ಅಪರೂಪ. ಅಮೆರಿಕದ ಬೇಸ್‌ಬಾಲ್ ಆಟಗಾರ ಜಾಕಿ ರಾಬಿನ್‌ಸನ್ ಅವರ ಬಾಳಿನ ಕಥೆಯನ್ನು ಓದುವಾಗ ಈ ಪ್ರಶ್ನೆ ನನ್ನನ್ನು ಬಿಡದೆ ಕಾಡಿತು. ಅವರನ್ನು ಕುರಿತು ಮಾತನಾಡುವವರು ಹೆಚ್ಚಾಗಿ ಅವರ ಸಹನೆಯನ್ನೇ ಕೊಂಡಾಡುತ್ತಾರೆ. ಆ ಕೊಂಡಾಟದೊಳಗೆ ಒಂದು ಅನ್ಯಾಯವೂ ಅಡಗಿದೆ ಎಂಬುದು ನನ್ನ ನಮ್ರ ಅಭಿಪ್ರಾಯ.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನಂತೆಯೇ ದಾಂಡು-ಚೆಂಡಿನ ಆಟ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ವರ್ಣೀಯರು ಟೊಲೆಡೊ ನಗರದ ತಂಡದ ಪರವಾಗಿ ಉನ್ನತ ದರ್ಜೆಯ ಪಂದ್ಯಗಳನ್ನು ಆಡಿದ್ದರು. ಆದರೆ 1887ರಲ್ಲಿ ಇಂಟರ್‌ನ್ಯಾಷನಲ್ ಲೀಗಿನ ಒಡೆಯರು, ಇನ್ನು ಮುಂದೆ ಕಪ್ಪು ಆಟಗಾರರೊಡನೆ ಹೊಸ ಕರಾರು ಮಾಡಿಕೊಳ್ಳಬಾರದೆಂದು ತೀರ್ಮಾನಿಸಿದರು. ಅತ್ಯುನ್ನತ ಲೀಗುಗಳಲ್ಲಿ ಇಂಥ ನಿಯಮವನ್ನು ಬರೆದಿಡುವ ಗೋಜಿಗೂ ಹೋಗಲಿಲ್ಲ. ಬಾಯಿಮಾತಿನ ಆ ಕಟ್ಟಳೆಯೇ ಸುಮಾರು ಆರು ದಶಕಗಳ ಕಾಲ ಕೋಟೆಯಾಗಿ ನಿಂತಿತು. ಬರೆದ ಕಾನೂನನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ನಮ್ಮಲ್ಲಿ ಅಂಥ ಕಾನೂನೇ ಇಲ್ಲವೆನ್ನುವವರನ್ನು ಪ್ರಶ್ನಿಸುವುದೆಂತು? ಹೊರಗುಳಿದವರು ಕೈಕಟ್ಟಿ ಕೂರಲಿಲ್ಲ. 1920ರಲ್ಲಿ ರೂಬ್ ಫಾಸ್ಟರ್ ಅವರ ಮುಂದಾಳತ್ವದಲ್ಲಿ ನೀಗ್ರೋ ನ್ಯಾಷನಲ್ ಲೀಗನ್ನು ಕಟ್ಟಿ, ತಮ್ಮ ಆಟವನ್ನು ಕಾಯಕದಂತೆ ನಡೆಸಿಕೊಂಡು ಬಂದರು.

ರಾಬಿನ್‌ಸನ್ ಸ್ವಭಾವತಃ ತಲೆಬಾಗುವವರಾಗಿರಲಿಲ್ಲ. 1919ರಲ್ಲಿ ಜಾರ್ಜಿಯಾ ರಾಜ್ಯದಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ಅವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನಾಧಿಕಾರಿಯಾಗಿದ್ದರು. 1944ರ ಜುಲೈ ತಿಂಗಳಲ್ಲಿ ಟೆಕ್ಸಾಸಿನ ಸೇನಾ ಶಿಬಿರದ ಬಸ್ಸಿನಲ್ಲಿ ಹಿಂಬದಿಗೆ ಹೋಗಿ ಕೂರಬೇಕೆಂದು ಚಾಲಕ ಆಜ್ಞಾಪಿಸಿದಾಗ ಅವರು ಕದಲಲಿಲ್ಲ. ಇದರಿಂದ ಹುಟ್ಟಿದ ಜಗಳ ಸೇನಾ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿ ಅವರು ನಿರ್ದೋಷಿಯೆಂದು ತೀರ್ಪಾಯಿತು.

ಇಂಥ ವ್ಯಕ್ತಿಯನ್ನು 1945ರ ಆಗಸ್ಟ್ 28ರಂದು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ತಮ್ಮ ಕಚೇರಿಗೆ ಕರೆಸಿಕೊಂಡರು. ಎದುರಾಳಿಗಳು ಆಡಬಹುದಾದ ಹೊಲಸು ಮಾತುಗಳನ್ನೆಲ್ಲ ತಾವೇ ಆಡಿ ತೋರಿಸಿ, ಇಷ್ಟನ್ನೂ ಕೇಳಿ ಸುಮ್ಮನಿರಬಲ್ಲೆಯಾ ಎಂದು ಪರೀಕ್ಷಿಸಿದರು. ರಾಬಿನ್‌ಸನ್ ಒಪ್ಪಿದರು. ಮೌನವು ಅವರ ಕರಾರಿನಲ್ಲಿ ಬರೆಯದೆ ಉಳಿದ ಒಂದು ಷರತ್ತಾಯಿತು.

1946ರಲ್ಲಿ ಅವರು ಕಿರಿಯ ದರ್ಜೆಯ ಮಾಂಟ್ರಿಯಲ್ ತಂಡದಲ್ಲಿ ಆಡಿದರು. ಅದು ಆಡುತ್ತಿದ್ದುದು 1887ರಲ್ಲಿ ಬಾಗಿಲು ಮುಚ್ಚಿದ್ದ ಅದೇ ಹೆಸರಿನ ಲೀಗಿನಲ್ಲಿ. 1947ರ ಏಪ್ರಿಲ್ 15ರಂದು ಬ್ರೂಕ್ಲಿನ್ನಿನ ಎಬೆಟ್ಸ್ ಫೀಲ್ಡ್ ಮೈದಾನಕ್ಕೆ ಇಳಿದರು. ಒಂದು ವಾರದ ಬಳಿಕ ಅದೇ ಮೈದಾನಕ್ಕೆ ಬಂದ ಫಿಲಡೆಲ್ಫಿಯಾ ತಂಡದ ಮ್ಯಾನೇಜರ್ ಬೆನ್ ಚಾಪ್‌ಮನ್ ಮತ್ತು ಅವರ ಆಟಗಾರರು ಆಡಿದ ಮಾತುಗಳು ಇಲ್ಲಿ ಬರೆಯತಕ್ಕವಲ್ಲ. ತಮ್ಮ ಸಂಯಮದ ಕಟ್ಟೆ ಒಡೆಯುವ ಅಂಚಿಗೆ ತಾವು ಬಂದದ್ದು ಅಂದೇ ಎಂದು ರಾಬಿನ್‌ಸನ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಅದಕ್ಕಿಂತಲೂ ನೋವಿನ ಪ್ರಸಂಗ ಅನಂತರದ್ದು. ಚಾಪ್‌ಮನ್ ನಡತೆಗೆ ಪತ್ರಿಕೆಗಳಲ್ಲಿ ಟೀಕೆ ಬಂದಾಗ, ಆತನ ಮಾನ ಉಳಿಸುವ ಸಲುವಾಗಿ ಇಬ್ಬರೂ ಜೊತೆಗೆ ನಿಂತು ಛಾಯಾಚಿತ್ರ ತೆಗೆಸಿಕೊಳ್ಳಬೇಕೆಂದು ರಾಬಿನ್‌ಸನ್ನರನ್ನು ಕೇಳಿಕೊಳ್ಳಲಾಯಿತು. ಅವರು ನಿಂತರು. ಕೈಕುಲುಕುವ ಬದಲು ಇಬ್ಬರೂ ಒಂದು ದಾಂಡನ್ನು ಹಿಡಿದುಕೊಂಡರು. ಆ ಚಿತ್ರ ಇಂದಿಗೂ ಉಳಿದಿದೆ. ಬೈದಾತನ ಹುದ್ದೆಯನ್ನು ಉಳಿಸುವ ಹೊಣೆಯೂ ಬೈಸಿಕೊಂಡಾತನ ಹೆಗಲ ಮೇಲೆಯೇ ಬಿದ್ದಿತು! ಸೈರಣೆಯನ್ನು ಕೊಂಡಾಡುವ ಮೊದಲು ನಾವು ಈ ಚಿತ್ರವನ್ನೊಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಇಲ್ಲಿ ಒಂದು ಆಕ್ಷೇಪ ಏಳಬಹುದು. ರಾಬಿನ್‌ಸನ್ ಒಮ್ಮೆ ಕೈ ಎತ್ತಿದ್ದರೆ ಬಾಗಿಲು ಮತ್ತೆ ಮುಚ್ಚಿಹೋಗುತ್ತಿರಲಿಲ್ಲವೇ? ರಿಕಿಯವರ ಲೆಕ್ಕಾಚಾರ ಸರಿಯಲ್ಲವೇ? ಸರಿಯಿರಬಹುದು. ಅಂದಿನ ಸನ್ನಿವೇಶದಲ್ಲಿ ಮೌನವು ಒಂದು ಉಪಾಯವಾಗಿ ಫಲಿಸಿತು. ರಾಬಿನ್‌ಸನ್ ಅದನ್ನು ಅರಿತು, ಬೆಲೆ ತೆತ್ತು, ಸ್ವತಃ ಆರಿಸಿಕೊಂಡರು. ಅದು ಅವರ ಹಿರಿಮೆ. ಆದರೆ ಒಬ್ಬರ ಉಪಾಯವನ್ನು ನೊಂದವರೆಲ್ಲರ ಮೇಲೆ ಹೇರುವ ಧರ್ಮವನ್ನಾಗಿ ಮಾಡುವುದು ತಪ್ಪು. ಹಾಗೆ ಮಾಡಿದಾಗ ನೋಯಿಸಿದವನಿಗೆ ಯಾವ ವ್ರತವೂ ಉಳಿಯುವುದಿಲ್ಲ. ನೊಂದವನಿಗೆ ಮಾತ್ರ ಕಠಿಣ ವ್ರತ. ಇದಕ್ಕೆ ಸಾಕ್ಷಿ ರಾಬಿನ್‌ಸನ್ನರ ಬಾಳಿನಲ್ಲೇ ಇದೆ. 1949ರ ಹೊತ್ತಿಗೆ ಮೌನದ ಕಟ್ಟು ಸಡಿಲಗೊಂಡು ಅವರು ಇತರ ಆಟಗಾರರಂತೆ ವಾದಿಸತೊಡಗಿದಾಗ, ಹಿಂದೆ ಹೊಗಳಿದ್ದ ಬಾಯಿಗಳೇ ಅವರನ್ನು ಜಗಳಗಂಟನೆಂದವು. ಆ ವರ್ಷವೇ ಅವರು 0.342 ಸರಾಸರಿಯೊಡನೆ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರರೆನಿಸಿದ್ದರು ಎಂಬುದು ಗಮನಾರ್ಹ.

ಮೊದಲಿಗರ ಸಹನೆಯನ್ನಷ್ಟೇ ನೆನೆಯುವುದರಿಂದ ಇನ್ನೊಂದು ಕೇಡೂ ಉಂಟು: ಉಳಿದವರು ಮರೆವಿಗೆ ಸಲ್ಲುತ್ತಾರೆ. 1947ರ ಜುಲೈ 5ರಂದು, ರಾಬಿನ್‌ಸನ್ ಬಂದ ಹನ್ನೊಂದು ವಾರಗಳಲ್ಲೇ, ಲ್ಯಾರಿ ಡೋಬಿ ಅವರು ಕ್ಲೀವ್‌ಲ್ಯಾಂಡ್ ತಂಡವನ್ನು ಸೇರಿ ಅಮೆರಿಕನ್ ಲೀಗಿನ ಮೊದಲ ಕಪ್ಪು ಆಟಗಾರರಾದರು. ಕಿರಿಯ ದರ್ಜೆಯಲ್ಲಿ ಒಂದು ದಿನವೂ ಪಳಗುವ ಅವಕಾಶ ಅವರಿಗೆ ದೊರೆಯಲಿಲ್ಲ. ಅವರು ಉಂಡ ಅವಮಾನ ರಾಬಿನ್‌ಸನ್ನರದಕ್ಕಿಂತ ಕಡಿಮೆಯದಲ್ಲ. ಆದರೂ ಕೀರ್ತಿಮಂದಿರ ರಾಬಿನ್‌ಸನ್ನರನ್ನು 1962ರಲ್ಲಿ ಬರಮಾಡಿಕೊಂಡರೆ, ಡೋಬಿಯವರು 1998ರವರೆಗೆ ಕಾಯಬೇಕಾಯಿತು. ಎರಡನೆಯವರ ನೋವಿಗೆ ಲೋಕದಲ್ಲಿ ಬೆಲೆ ಕಡಿಮೆ.

ಬಾಗಿಲು ತೆರೆಯುವುದನ್ನು ಕಾಣದೆಯೇ ಹೋದವರೂ ಇದ್ದಾರೆ. ನೀಗ್ರೋ ಲೀಗುಗಳ ಮಹಾನ್ ದಾಂಡಿಗ ಜಾಶ್ ಗಿಬ್ಸನ್ 1947ರ ಜನವರಿಯಲ್ಲಿ, ರಾಬಿನ್‌ಸನ್ ಮೈದಾನಕ್ಕಿಳಿಯುವ ಮೂರು ತಿಂಗಳ ಮುನ್ನ, 35ನೆಯ ವಯಸ್ಸಿನಲ್ಲಿ ತೀರಿಕೊಂಡರು. 2024ರ ಮೇ ತಿಂಗಳಲ್ಲಿ ಆ ಲೀಗುಗಳ ಅಂಕಿಅಂಶಗಳನ್ನು ಅಧಿಕೃತ ದಾಖಲೆಗೆ ಸೇರಿಸಿದಾಗ, 0.372 ಸರಾಸರಿಯ ಗಿಬ್ಸನ್ ಅವರ ಹೆಸರು ಟೈ ಕಾಬ್ ಅವರನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೇರಿತು. ಮನ್ನಣೆ ಬಂದಿತು, ನಿಜ. ಆದರೆ ಅವರು ಸತ್ತು 77 ವರ್ಷಗಳಾದ ಮೇಲೆ. ಇತ್ತ ಬೋಸ್ಟನ್ ರೆಡ್ ಸಾಕ್ಸ್ ತಂಡ ತನ್ನ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಅವರನ್ನು ಆಡಿಸಿದ್ದು 1959ರಲ್ಲಿ. ರಾಬಿನ್‌ಸನ್ ಕೋಟೆಯನ್ನು ಒಡೆದರೆನ್ನುತ್ತೇವೆ. ಅವರು ಆಟದಿಂದ ನಿವೃತ್ತರಾದ ಮೇಲೂ ಅದರ ಒಂದು ಗೋಡೆ ನಿಂತೇ ಇತ್ತು.

ರಾಬಿನ್‌ಸನ್ನರ ಕೊನೆಯ ದಿನಗಳ ಪ್ರಸಂಗವೊಂದನ್ನು ಹೇಳಿ ಮುಗಿಸುತ್ತೇನೆ. 1972ರ ಅಕ್ಟೋಬರ್ 15ರಂದು ಸಿನ್ಸಿನಾಟಿಯ ಮೈದಾನದಲ್ಲಿ, ಅವರ ಪ್ರವೇಶಕ್ಕೆ 25 ವರ್ಷ ತುಂಬಿದ ನೆನಪಿಗೆ ಅವರನ್ನು ಸನ್ಮಾನಿಸಲಾಯಿತು. ಮಧುಮೇಹದಿಂದ ಕಣ್ಣು ಮಂಜಾಗಿತ್ತು, ತಲೆ ನೆರೆತಿತ್ತು. ಕೃತಜ್ಞತೆಯ ಎರಡು ಮಾತಾಡಿ ಕುಳಿತುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ತಂಡವನ್ನು ನಡೆಸುವ ಸ್ಥಾನದಲ್ಲಿ ಒಬ್ಬ ಕಪ್ಪು ಮುಖವನ್ನು ಕಂಡಾಗ ತಮಗೆ ಇನ್ನೂ ಹೆಚ್ಚಿನ ಸಂತೋಷವೂ ಹೆಮ್ಮೆಯೂ ಆದೀತೆಂದು ಎಲ್ಲರೆದುರು ಹೇಳಿದರು. ಒಂಬತ್ತು ದಿನಗಳ ನಂತರ, 53ನೆಯ ವಯಸ್ಸಿನಲ್ಲಿ ತೀರಿಹೋದರು. ಫ್ರಾಂಕ್ ರಾಬಿನ್‌ಸನ್ ಅವರು ಕ್ಲೀವ್‌ಲ್ಯಾಂಡ್ ತಂಡದ ಮ್ಯಾನೇಜರ್ ಆಗಿ ಆ ಸ್ಥಾನಕ್ಕೆ ಬಂದದ್ದು 1975ರಲ್ಲಿ.

ಇಂದು ಏಪ್ರಿಲ್ 15ರಂದು ಅಲ್ಲಿನ ಆಟಗಾರರೆಲ್ಲರೂ ರಾಬಿನ್‌ಸನ್ನರ 42ನೆಯ ಸಂಖ್ಯೆಯ ಅಂಗಿಯನ್ನು ತೊಡುತ್ತಾರೆ. ಒಳ್ಳೆಯ ಆಚರಣೆ. ಆದರೆ 1947ರ ಮೌನದ ರಾಬಿನ್‌ಸನ್ನರನ್ನು ಪೂಜಿಸಿ, 1944ರಲ್ಲಿ ಬಸ್ಸಿನಲ್ಲಿ ಕದಲದವರನ್ನೂ 1972ರಲ್ಲಿ ಸನ್ಮಾನದ ನಡುವೆಯೇ ಸತ್ಯ ನುಡಿದವರನ್ನೂ ಮರೆತರೆ ಆ ಪೂಜೆ ಅರ್ಧ ಪೂಜೆಯೇ ಸರಿ. ಸೈರಣೆ ತಾನಾಗಿ ಅರಳಿದಾಗ ಮಾತ್ರ ಗುಣ. ಇನ್ನೊಬ್ಬರು ವಿಧಿಸಿದಾಗ ಅದು ಸುಂಕ. ಮುಂದೆಂದಾದರೂ ನೊಂದವರೊಬ್ಬರಿಗೆ "ಸ್ವಲ್ಪ ಸೈರಿಸಿಕೋ" ಎಂದು ಹೇಳುವ ಸಂದರ್ಭ ನಮಗೊದಗಿದರೆ, ನೋಯಿಸಿದವರಿಗೆ ನಾವು ಏನು ಹೇಳಿದ್ದೇವೆ ಎಂದು ಮೊದಲು ಕೇಳಿಕೊಳ್ಳೋಣ.